ಬೋಟಿನ ಸೀಟಿಗೆ ಬೂಷ್ಟು ಹಿಡಿದಾಗ

ಮಳೆಗಾಲ ಮುಗಿಯುವಷ್ಟರಲ್ಲಿ ಬೋಟಿನ ವಿನೈಲ್ ಸೀಟಿನ ಮೇಲೆ ಮೂಡುವ ಕಪ್ಪು ಚುಕ್ಕೆಗಳನ್ನು ಹೋಗಲಾಡಿಸುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಬೂಷ್ಟನ್ನು ಸಾಯಿಸುವುದು ಒಂದು, ಅದು ಬಿಟ್ಟುಹೋದ ಬಣ್ಣವನ್ನು ತೆಗೆಯುವುದು ಇನ್ನೊಂದು. ಮೊದಲನೆಯದು ಅಷ್ಟೇನೂ ಕಷ್ಟವಲ್ಲ. ಎರಡನೆಯದು ಬಣ್ಣ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಅವಲಂಬಿಸಿದೆ. ಕೆಲವು ಕಲೆಗಳು ಹತ್ತು ನಿಮಿಷದಲ್ಲಿ ಮಾಯವಾಗುತ್ತವೆ; ಕೆಲವು ಹೊದಿಕೆಯನ್ನೇ ಬದಲಾಯಿಸುವ ತನಕ ಹೋಗುವುದಿಲ್ಲ. ಹೋಗದ ಕಲೆಯ ಮೇಲೆ ಒಂದಕ್ಕಿಂತ ಒಂದು ಖಾರವಾದ ರಾಸಾಯನಿಕ ಸುರಿದು ಉಜ್ಜಿದರೆ ಆ ಸೀಟು ಮರುವರ್ಷ ಇನ್ನೂ ಬೇಗ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಕಾರಣ ಸೀಟಿನ ರಚನೆಯಲ್ಲೇ ಇದೆ.

ಕಣ್ಣಿಗೆ ಕಾಣುವ ಹೊದಿಕೆಯನ್ನು ನಮ್ಮ ಕುಶನ್ ಅಂಗಡಿಗಳಲ್ಲಿ ರೆಕ್ಸಿನ್ ಎಂದೇ ಕೇಳಿ ಕೊಳ್ಳುತ್ತಾರೆ. ಮೂಲದ ರೆಕ್ಸಿನ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಹೈಡ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದ, ಬಟ್ಟೆಗೆ ಸೆಲ್ಯುಲೋಸ್ ನೈಟ್ರೇಟ್ ಲೇಪಿಸಿದ ಕೃತಕ ಚರ್ಮ. ಈಗ ಬೋಟುಗಳ ಸೀಟಿಗೆ ಆ ಹೆಸರಿನಲ್ಲಿ ಹೊಲಿಯುವುದು ಪಿವಿಸಿ, ಅಂದರೆ ಪಾಲಿವಿನೈಲ್ ಕ್ಲೋರೈಡ್. ಪಿವಿಸಿ ತನ್ನಷ್ಟಕ್ಕೆ ಗಡುಸು ವಸ್ತು. ತೋಟದ ನೀರಿನ ಪೈಪು ಅದರದ್ದೇ. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ರಸಾಯನಶಾಸ್ತ್ರಜ್ಞ ವಾಲ್ಡೊ ಸೆಮನ್ 1926ರಲ್ಲಿ ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟನ್ನು ಹುಡುಕುತ್ತಿದ್ದ. ಪಿವಿಸಿಯನ್ನು ಕೆಲವು ದ್ರಾವಕಗಳಲ್ಲಿ ಕಾಯಿಸಿದಾಗ ಅದು ರಬ್ಬರಿನಂತೆ ಬಾಗತೊಡಗಿತು. ಮೃದು ವಿನೈಲ್ ಹುಟ್ಟಿದ್ದು ಹೀಗೆ. ಈಗಲೂ ಸೀಟಿನ ವಿನೈಲಿಗೆ ಮೆತ್ತಗಿನ ಗುಣ ಬರುವುದು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ಮೃದುಕಾರಕದಿಂದ. ವಿನೈಲಿನ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಇದೇ ಇರುವುದುಂಟು.

ಒಳ್ಳೆಯ ವಿನೈಲಿನ ಮೇಲ್ಮೈಗೆ ಯುರೆಥೇನ್ ಅಥವಾ ಅಕ್ರಿಲಿಕ್‌ನ ತೀರಾ ತೆಳುವಾದ ಲೇಪ ಕೊಟ್ಟಿರುತ್ತಾರೆ. ಕೊಳೆ ಅಂಟದಂತೆ, ಎಣ್ಣೆ ಇಳಿಯದಂತೆ, ಮೃದುಕಾರಕ ಹೊರಗೆ ಬಾರದಂತೆ ತಡೆಯುವುದು ಈ ಲೇಪ. ಅದರ ಕೆಳಗೆ ವಿನೈಲ್, ವಿನೈಲಿನ ಬೆನ್ನಿಗೆ ಹೆಣೆದ ಪಾಲಿಯೆಸ್ಟರ್ ಬಟ್ಟೆ, ಆಮೇಲೆ ಸ್ಪಂಜು, ಎಲ್ಲಕ್ಕೂ ಕೆಳಗೆ ಪ್ಲೈವುಡ್. ಹೊದಿಕೆಯನ್ನು ಬಿಗಿಯಾಗಿ ಎಳೆದು ಪ್ಲೈವುಡ್ಡಿನ ಅಡಿಗೆ ಸ್ಟೇಪಲ್ ಪಿನ್ನು ಹೊಡೆದಿರುತ್ತಾರೆ. ವಿನೈಲ್ ನೀರನ್ನು ಒಳಗೆ ಬಿಡುವುದಿಲ್ಲ. ಆದರೆ ಹೊಲಿಗೆಯ ಸೂಜಿ ತೂತುಗಳು ಬಿಡುತ್ತವೆ. ಹಾಗೆ ಇಳಿದ ನೀರು ಸ್ಪಂಜಿನಲ್ಲಿ ನಿಲ್ಲುತ್ತದೆ. ಮೇಲಿನಿಂದ ಆರಲು ವಿನೈಲ್ ಬಿಡದು, ಕೆಳಗಿನಿಂದ ಆರಲು ಪ್ಲೈವುಡ್ ಬಿಡದು. ಸೀಟಿನ ಮೇಲೆ ಕೈಯಾಡಿಸಿದರೆ ಒಣಗಿದಂತೆಯೇ ಇರುತ್ತದೆ, ಗಟ್ಟಿಯಾಗಿ ಒತ್ತಿದರೆ ಪೈಪಿಂಗಿನ, ಅಂದರೆ ಹೊಲಿಗೆಯ ಉಬ್ಬುಪಟ್ಟಿಯ, ಅಂಚಿನಲ್ಲಿ ನೀರು ಒಸರುತ್ತದೆ.

ಶಿಲೀಂಧ್ರದ ಬೀಜಕಣಗಳು ಎಲ್ಲ ಕಡೆಯ ಗಾಳಿಯಲ್ಲೂ ಇರುತ್ತವೆ. ಅವುಗಳನ್ನು ತಡೆಯಲು ಆಗುವುದಿಲ್ಲ, ತಡೆಯುವ ಅಗತ್ಯವೂ ಇಲ್ಲ. ಅವು ಮೊಳೆಯಬೇಕಾದರೆ ತೇವ ಬೇಕು, ತಿನ್ನಲು ಏನಾದರೂ ಬೇಕು. ಬೋಟಿನ ಸೀಟಿನ ಮೇಲೆ ತಿನ್ನುವುದಕ್ಕೆ ಕೊರತೆಯಿಲ್ಲ: ಬೆವರು, ತಲೆಗೆ ಹಚ್ಚಿದ ತೆಂಗಿನೆಣ್ಣೆ, ಸನ್‌ಸ್ಕ್ರೀನ್, ಚುರುಮುರಿ ಪೊಟ್ಟಣದಿಂದ ಉದುರಿದ್ದು, ಧೂಳು. ಇವೆಲ್ಲ ಖಾಲಿಯಾದರೂ ವಿನೈಲಿನೊಳಗಿನ ಮೃದುಕಾರಕ ಇದ್ದೇ ಇದೆ. ಎಲ್ಲ ಮೃದುಕಾರಕಗಳೂ ಶಿಲೀಂಧ್ರಕ್ಕೆ ಒಂದೇ ರೀತಿ ರುಚಿಸುವುದಿಲ್ಲ. ಥ್ಯಾಲೇಟು ಎಂಬ ಬಗೆಯ ಮೃದುಕಾರಕಗಳನ್ನು ಅದು ಸುಲಭವಾಗಿ ಅರಗಿಸಿಕೊಳ್ಳಲಾರದು. ಕೊಬ್ಬಿನಾಮ್ಲಗಳಿಂದ ತಯಾರಾದವು ಮತ್ತು ವಿನೈಲಿನ ಬಾಳಿಕೆಗೆಂದು ಬೆರೆಸುವ ಎಪಾಕ್ಸೀಕೃತ ಸೋಯಾ ಎಣ್ಣೆಯಂಥವು ಬೇಗ ಬಲಿಯಾಗುತ್ತವೆ. ಮ್ಯಾಂಚೆಸ್ಟರ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೃದು ಪಿವಿಸಿಯ ತುಂಡುಗಳನ್ನು 95 ವಾರಗಳ ಕಾಲ ಬಯಲಿನಲ್ಲಿಟ್ಟು ನೋಡಲಾಯಿತು. ಅವುಗಳ ಮೇಲೆ ಮೊದಲು ನೆಲೆಯೂರಿದ್ದು ಆರಿಯೊಬೆಸಿಡಿಯಂ ಪುಲ್ಯುಲಾನ್ಸ್ ಎಂಬ ಕಪ್ಪು ಶಿಲೀಂಧ್ರ. ಅದು ವಿನೈಲನ್ನೇ ಆಹಾರ ಮಾಡಿಕೊಂಡು ಬೆಳೆಯಬಲ್ಲದು ಎಂಬುದೂ ಆ ಅಧ್ಯಯನದಲ್ಲಿ ತಿಳಿಯಿತು. ಬೇರೆ ಯೀಸ್ಟುಗಳು ಬಂದು ಸೇರಿಕೊಂಡದ್ದು 80 ವಾರಗಳ ಬಳಿಕ.

ಚುಕ್ಕೆಗೆ ಕಪ್ಪು ಬಣ್ಣ ಕೊಡುವುದು ಮೆಲನಿನ್. ಮನುಷ್ಯರ ಚರ್ಮ, ಕೂದಲುಗಳಿಗೆ ಬಣ್ಣ ಕೊಡುವ ವರ್ಣದ್ರವ್ಯಗಳ ಬಳಗದ್ದೇ ಇದು. ಆರಿಯೊಬೆಸಿಡಿಯಂ, ಕ್ಲಾಡೊಸ್ಪೋರಿಯಂ ಮುಂತಾದ ಶಿಲೀಂಧ್ರಗಳು ಬಿಸಿಲಿನಿಂದ ತಮ್ಮನ್ನು ಕಾಪಾಡಿಕೊಳ್ಳಲು ಇದನ್ನು ಜೀವಕೋಶದ ಗೋಡೆಯಲ್ಲಿ ತುಂಬಿಕೊಂಡಿರುತ್ತವೆ. ಮೆಲನಿನ್ ನೀರಿನಲ್ಲಿ ಕರಗದು, ಸೋಪಿಗೆ ಜಗ್ಗದು, ಶಿಲೀಂಧ್ರ ಸತ್ತರೂ ಅಲ್ಲೇ ಉಳಿಯುತ್ತದೆ. ವಿನೆಗರ್ ಹಾಕಿ ಒರೆಸಿದ ಮೇಲೂ ಕಲೆ ಹೋಗಲಿಲ್ಲ ಎಂದು ದೂರುವವರಲ್ಲಿ ಹಲವರ ಸೀಟಿನಲ್ಲಿ ಬೂಷ್ಟು ಆಗಲೇ ಸತ್ತಿರುತ್ತದೆ, ಉಳಿದಿರುವುದು ಬಣ್ಣ ಮಾತ್ರ.

ಕರಾವಳಿಯಲ್ಲಿ ಇದಕ್ಕೆಲ್ಲ ಇನ್ನೊಂದು ಕುಮ್ಮಕ್ಕು ಉಪ್ಪಿನದು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ 75 ದಾಟಿದರೆ ಉಪ್ಪು ತಾನಾಗಿಯೇ ನೀರೂರಿಸಿಕೊಳ್ಳುತ್ತದೆ. ಆಷಾಢದಲ್ಲಿ ಮಂಗಳೂರು, ಕುಂದಾಪುರದ ಅಡುಗೆಮನೆಗಳ ಉಪ್ಪಿನ ಭರಣಿಯಲ್ಲಿ ನೀರಾಡುವಂತೆಯೇ ಕಡಲ ಹನಿ ಒಣಗಿ ಉಪ್ಪು ಉಳಿದ ಸೀಟೂ ಮಳೆಗಾಲವಿಡೀ ತೇವವಾಗಿರುತ್ತದೆ, ಒಂದು ಹನಿ ಮಳೆ ಬೀಳದಿದ್ದರೂ. ಉಡುಪಿಯಂಥ ಊರಿನಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮಳೆ ಜೋರಾಗಿರುವ ತಿಂಗಳುಗಳಲ್ಲಿ ಹೆಚ್ಚಿನ ಬೋಟುಗಳು ನೀರಿಗಿಳಿಯುವುದಿಲ್ಲ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಮೀನಿನ ಬೋಟಿನಲ್ಲಿ ಕೂರಲು ಹಲಗೆಯೇ ಗತಿಯಾದ್ದರಿಂದ ಬೂಷ್ಟಿನ ಚಿಂತೆ ಮೀನುಗಾರರಿಗಿಲ್ಲ. ಚಿಂತೆ ಇರುವುದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಮುರ್ಡೇಶ್ವರದಿಂದ ನೇತ್ರಾಣಿಗೆ ಪ್ರವಾಸಿಗರನ್ನು ಕರೆದೊಯ್ಯುವವರಿಗೆ. ಕಡಲು ಶಾಂತವಾಗುವ ತನಕ ಆ ಬೋಟುಗಳು ದಡದಲ್ಲಿ, ಸಾಮಾನ್ಯವಾಗಿ ನೀಲಿ ಟಾರ್ಪಾಲಿನ ಕೆಳಗೆ, ಬಿದ್ದಿರುತ್ತವೆ. ಅಮೆರಿಕದ ಮಿನೆಸೋಟ, ಮಿಷಿಗನ್‌ನ ಸರೋವರಗಳ ಬೋಟುಗಳಿಗೆ ಇದೇ ಪಾಡು ಚಳಿಗಾಲದಲ್ಲಿ. ಅಲ್ಲಿ ಬೋಟಿಗೆ ಬಿಗಿಯಾಗಿ ಸುತ್ತುವ ಪ್ಲಾಸ್ಟಿಕ್ಕಿಗೆ ಗಾಳಿಕಿಂಡಿ ಇಡಲು ಮರೆತವರಿಗೆ ವಸಂತದಲ್ಲಿ ಕಪ್ಪು ಸೀಟು ಸಿಗುತ್ತದೆ.

ಕಲೆ ಯಾವುದು?

ಬ್ರಶ್ಶು ಹಿಡಿಯುವ ಮೊದಲು ಕಲೆಯನ್ನು ಗುರುತಿಸಬೇಕು. ಸೀಟಿನ ನಡುಭಾಗದಲ್ಲಿ ಸಾಸಿವೆ ಚೆಲ್ಲಿದಂತೆ ಹರಡಿರುವ ಕಪ್ಪು ಚುಕ್ಕೆಗಳು ಮೇಲ್ಮೈಯ ಬೂಷ್ಟು, ಇವು ಹೋಗುತ್ತವೆ. ಹೊಲಿಗೆಯ ಗುಂಟ, ಪೈಪಿಂಗಿನ ಸಂದಿನಲ್ಲಿ ಗೆರೆ ಎಳೆದಂತೆ ಕಪ್ಪಾಗಿದ್ದರೆ ನೀರು ಒಳಗೆ ಇಳಿದಿದೆ ಎಂದರ್ಥ. ಮೇಲಿನದು ಹೋದರೂ ಒಳಗಿನದು ಮತ್ತೆ ಹೊರಬರುತ್ತದೆ. ಹಸಿರು ಪೊರೆ ಇದ್ದರೆ ಅದು ಪಾಚಿ, ಸೋಪಿಗೆ ಸುಲಭವಾಗಿ ಬಗ್ಗುತ್ತದೆ. ಅಂಚಿನ ಕಂದು ಬಣ್ಣ ಸ್ಟೇಪಲ್ ಪಿನ್ನಿನ ತುಕ್ಕು ಇರಬಹುದು. ತುಕ್ಕಿನ ಮೇಲೆ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ತಲೆ, ಬೆನ್ನು ಒರಗುವ ಜಾಗದ ಹಳದಿ ಎಣ್ಣೆ ಮತ್ತು ಸನ್‌ಸ್ಕ್ರೀನಿನದು, ಕೆಲವೊಮ್ಮೆ ಬಿಸಿಲಿಗೆ ವಿನೈಲೇ ಹಳದಿಗಟ್ಟಿದ್ದು.

ಅನುಮಾನವಿದ್ದರೆ ಒಂದು ಪರೀಕ್ಷೆಯಿದೆ. ಕಿವಿ ಕಡ್ಡಿಯ ಹತ್ತಿಯನ್ನು ಬಟ್ಟೆಯ ಬ್ಲೀಚಿನಲ್ಲಿ ಅದ್ದಿ ಒಂದು ಚುಕ್ಕೆಯ ಮೇಲೆ ಮಾತ್ರ ಇಡಬೇಕು. ಒಂದೆರಡು ನಿಮಿಷದಲ್ಲಿ ಚುಕ್ಕೆ ಮಾಸಿದರೆ ಅದು ಬೂಷ್ಟು. ಹಾಗೇ ಉಳಿದರೆ ಕೊಳೆ, ಮಸಿ ಅಥವಾ ಇನ್ನೇನೋ. ಮರದ ಗೋಡೆಗೆ ಬಣ್ಣ ಬಳಿಯುವವರೂ ಬೂಷ್ಟು ಯಾವುದು, ಕೊಳೆ ಯಾವುದು ಎಂದು ತಿಳಿಯಲು ಇದೇ ಉಪಾಯ ಮಾಡುತ್ತಾರೆ. ಚುಕ್ಕೆ ಮೇಲೆ ಮಾಸಿ ಒಳಗೆ ನೆರಳಿನಂತೆ ಉಳಿದರೆ ಬಣ್ಣ ವಿನೈಲಿಗೇ ಇಳಿದಿದೆ.

ಎಲ್ಲಕ್ಕಿಂತ ಮೊಂಡು ಕಲೆ ಗುಲಾಬಿ ಬಣ್ಣದ್ದು. ಬಿಳಿ ಸೀಟಿನ ಮೇಲೆ ನೇರಳೆ ಹಣ್ಣಿನ ರಸ ಚೆಲ್ಲಿದಂತೆ, ಅಂಚಿಲ್ಲದೆ ಹರಡಿರುತ್ತದೆ. ಕೈಯಿಂದ ಮುಟ್ಟಿದರೆ ಏನೂ ಅಂಟುವುದಿಲ್ಲ, ಉಜ್ಜಿದರೆ ಬಟ್ಟೆಗೆ ಬಣ್ಣ ಬರುವುದಿಲ್ಲ. ಇದು ಶಿಲೀಂಧ್ರದ ಕೆಲಸವಲ್ಲ, ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾದ್ದು. ಮೊದಲ ಮಳೆಗೆ ನೆಲದಿಂದೇಳುವ ಘಮಕ್ಕೆ ಕಾರಣವಾದ ಜಿಯೊಸ್ಮಿನ್ ಅನ್ನು ತಯಾರಿಸುವುದು, ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಅನ್ನು ಕೊಟ್ಟಿದ್ದು ಎರಡೂ ಇದೇ ಕುಲ. ಇಷ್ಟು ಉಪಕಾರಿಯಾದ ವಂಶ ಬೋಟಿನವರ ಪಾಲಿಗೆ ಮಾತ್ರ ಶನಿಯಾಗಿದೆ. ಬ್ಯಾಕ್ಟೀರಿಯಾ ವಾಸಿಸುವುದು ಸೀಟಿನ ಒಳಗೆ, ಒದ್ದೆ ಸ್ಪಂಜಿನಲ್ಲಿ ಅಥವಾ ವಿನೈಲಿನ ಬೆನ್ನಿನ ಬಟ್ಟೆಯಲ್ಲಿ. ಅದು ಸ್ರವಿಸುವ ಗುಲಾಬಿ ಬಣ್ಣ ನೀರಿನಲ್ಲಿ ಕರಗದೆ ವಿನೈಲಿನ ಮೃದುಕಾರಕದಲ್ಲಿ ಕರಗುತ್ತದೆ, ಅದರ ಮೂಲಕವೇ ಹಿಂದಿನಿಂದ ಮುಂದಕ್ಕೆ ಹರಿದು ಬರುತ್ತದೆ. ಮೇಲಿನಿಂದ ಏನು ಉಜ್ಜಿದರೂ ವ್ಯರ್ಥ. ಗುಲಾಬಿ ಕಲೆಗೆಂದು ಮಾರುವ ಬಾಟಲಿಗಳಿಗೆ ಹಣ ಹಾಕುವ ಬದಲು ಆ ದುಡ್ಡನ್ನು ಹೊಸ ಹೊದಿಕೆಗೆ ಎತ್ತಿಡುವುದು ಒಳ್ಳೆಯದು.

ಮೆದುವಿನಿಂದ ಆರಂಭ

ಕೆಲಸ ಬಯಲಿನಲ್ಲಿ ನಡೆಯಬೇಕು, ಕೈಗವಸು ಮತ್ತು ಎನ್95 ಮಾಸ್ಕ್ ಇರಬೇಕು. ಆಸ್ತಮಾ ಇದ್ದವರು ಇದಕ್ಕೆ ಕೈ ಹಾಕದಿರುವುದೇ ಲೇಸು. ಒಣ ಬೂಷ್ಟನ್ನು ಪೊರಕೆಯಿಂದ, ಬ್ರಶ್ಶಿನಿಂದ ಝಾಡಿಸಬಾರದು. ಬೀಜಕಣಗಳೆಲ್ಲ ಗಾಳಿಗೇರಿ ಪಕ್ಕದ ಸೀಟಿನ ಮೇಲೆ ಕೂರುತ್ತವೆ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಬೇಕು. ಬೋಟು ನೀರಿನಲ್ಲಿ ನಿಂತಿರುವಾಗ ಈ ಕೆಲಸ ಬೇಡ. ತೊಳೆದ ಬ್ಲೀಚ್ ನೀರು ಅಳಿವೆಯ ಮೀನು, ಸಿಗಡಿಗಳಿಗೆ ವಿಷ. ಸೀಟುಗಳನ್ನು ಬಿಚ್ಚಿ ದಡಕ್ಕೆ ತರುವುದು ಎಲ್ಲ ರೀತಿಯಿಂದಲೂ ಅನುಕೂಲ, ಅಡಿಭಾಗವನ್ನು ನೋಡಲೂ ಆಗುತ್ತದೆ.

ಮೊದಲ ಸುತ್ತು ಸೋಪು ನೀರಿನದು. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಚಮಚ ಸಾಕು. ಮೆತ್ತನೆಯ ಬ್ರಶ್ಶಿನಿಂದ ಸುತ್ತ ಸುತ್ತ ಉಜ್ಜಿ, ಹೊಲಿಗೆಯ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶು ಬಳಸಿ, ಸಿಹಿನೀರಿನಲ್ಲಿ ತೊಳೆದು ಒರೆಸಬೇಕು. ಇದನ್ನು ಬಿಟ್ಟು ನೇರವಾಗಿ ಬ್ಲೀಚಿಗೆ ಹೋಗುವವರೇ ಹೆಚ್ಚು, ಅದು ತಪ್ಪು. ಎಣ್ಣೆ, ಬೆವರು, ಧೂಳಿನ ಪದರ ಹಾಗೇ ಇದ್ದರೆ ಬ್ಲೀಚಿನ ಶಕ್ತಿ ಆ ಕೊಳೆಯ ಮೇಲೆಯೇ ಖರ್ಚಾಗಿ ಬೂಷ್ಟಿಗೆ ತಲುಪುವುದೇ ಇಲ್ಲ. ಹೊಸದಾಗಿ ಹಿಡಿದ ಬೂಷ್ಟಾಗಿದ್ದರೆ ಅರ್ಧಕ್ಕರ್ಧ ಕಲೆ ಈ ಸುತ್ತಿನಲ್ಲೇ ಹೋಗಿರುತ್ತದೆ.

ಆಮೇಲೆ ವಿನೆಗರ್. ಅಂಗಡಿಯ ಬಿಳಿ ವಿನೆಗರಿನಲ್ಲಿ ಶೇ 4–5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಸಮಪಾಲು ನೀರು ಬೆರೆಸಿ ಸಿಂಪಡಿಸಿ ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿದರೆ ಹಲವು ಬಗೆಯ ಬೂಷ್ಟುಗಳು ಸಾಯುತ್ತವೆ, ಮುಗ್ಗುಲು ವಾಸನೆಯೂ ಇಳಿಯುತ್ತದೆ. ಬಣ್ಣ ಮಾತ್ರ ಹೋಗದು. ಬೋರಾಕ್ಸ್, ಅಂದರೆ ಗ್ರಂದಿಗೆ ಅಂಗಡಿಯ ಬಿಳಿಗಾರ, ಇನ್ನೊಂದು ಆಯ್ಕೆ. ಅದು ಸಂದಿಗಳಲ್ಲಿ ಸ್ವಲ್ಪ ಉಳಿದುಕೊಂಡು ಬೂಷ್ಟು ಮರಳಿ ಬೆಳೆಯದಂತೆ ತಡೆಯುತ್ತದೆ. ಆದರೆ ಮಕ್ಕಳು ಕೂರುವ, ಕೈ ಬಾಯಿಗಿಡುವ ಸೀಟಿನ ಮೇಲೆ ಅದರ ಪುಡಿಯನ್ನು ಉಳಿಸುವುದು ಸರಿಯಲ್ಲ. ಅಡುಗೆ ಸೋಡಾ ವಾಸನೆಗೆ ಒಳ್ಳೆಯದು, ಕಲೆಗೆ ಅಷ್ಟಕ್ಕಷ್ಟೆ. ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಿದರೆ ಬುಸ್ಸೆಂದು ನೊರೆ ಬರುತ್ತದೆ, ನೋಡುವವರಿಗೆ ಏನೋ ದೊಡ್ಡ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ವಾಸ್ತವದಲ್ಲಿ ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದು ಉಳಿಯುವುದು ಉಪ್ಪುಪ್ಪು ನೀರು.

ಬಣ್ಣ ತೆಗೆಯುವ ಶಕ್ತಿ ಇರುವುದು ಉತ್ಕರ್ಷಣಕಾರಿಗಳಿಗೆ. ಅವು ಮೆಲನಿನ್ ಅನ್ನು ಒಡೆದು ಬಣ್ಣಗೆಡಿಸುತ್ತವೆ. ಅವುಗಳಲ್ಲಿ ವಿನೈಲಿಗೆ ಕಡಿಮೆ ಅಪಾಯದ್ದು ಹೈಡ್ರೋಜನ್ ಪೆರಾಕ್ಸೈಡ್. ಔಷಧದ ಅಂಗಡಿಯಲ್ಲಿ ಗಾಯ ತೊಳೆಯಲು ಮಾರುವುದು ಸಾಮಾನ್ಯವಾಗಿ ಶೇ 6ರ ದ್ರಾವಣ. ಅಷ್ಟೇ ನೀರು ಬೆರೆಸಿದರೆ ಶೇ 3 ಆಗುತ್ತದೆ. ಸಿಂಪಡಿಸಿದರೆ ಬೇಗ ಆರಿಹೋಗುವುದರಿಂದ ಬಿಳಿ ಬಟ್ಟೆಯ ತುಂಡನ್ನು ಅದರಲ್ಲಿ ನೆನೆಸಿ ಕಲೆಯ ಮೇಲೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅರ್ಧ ಗಂಟೆ ಬಿಡುವುದು ಜಾಣತನ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಮ್ಮೆ ಹಾಸಬಹುದು. ನಿಧಾನದ ಕೆಲಸ ಇದು, ಆದರೆ ಕೊನೆಗೆ ಉಳಿಯುವುದು ನೀರು ಮತ್ತು ಆಮ್ಲಜನಕ ಮಾತ್ರ. ಬಣ್ಣದ ವಿನೈಲಾದರೆ ಮೊದಲು ಸೀಟಿನ ಅಡಿಗೆ ಮಡಚಿದ ಭಾಗದಲ್ಲಿ ಹಾಕಿ ನೋಡಬೇಕು.

ಬ್ಲೀಚಿನ ಲೆಕ್ಕ

ಕೊನೆಯ ಅಸ್ತ್ರ ಬಟ್ಟೆಯ ಬ್ಲೀಚ್, ಅಂದರೆ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ. ಅದರ ಬಗ್ಗೆ ಎರಡು ಅತಿರೇಕಗಳಿವೆ. ಬ್ಲೀಚ್ ಮುಟ್ಟಿಸಲೇಬಾರದು ಎನ್ನುವವರು ಒಂದು ಕಡೆ, ಬಾಟಲಿಯಿಂದ ನೇರವಾಗಿ ಸುರಿಯುವವರು ಇನ್ನೊಂದು ಕಡೆ. ವಿನೈಲ್ ತಯಾರಕರಲ್ಲಿ ಹಲವರು ಬೂಷ್ಟಿನ ಕಲೆಗೆ ತೆಳು ಮಾಡಿದ ಬ್ಲೀಚನ್ನು ತಾವೇ ಸೂಚಿಸುತ್ತಾರೆ. ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ತಣ್ಣೀರು, ಐದರಿಂದ ಹತ್ತು ನಿಮಿಷ, ಆಮೇಲೆ ಮೂರು ಸಲ ಸಿಹಿನೀರಿನ ತೊಳೆತ: ಇದು ಮಿತಿ. ಬಿಸಿಲಲ್ಲಿ ಕಾದ ಸೀಟಿನ ಮೇಲೆ ಹಾಕಬಾರದು, ಹಾಕಿ ಒಣಗಲು ಬಿಡಬಾರದು. ಬಾಟಲಿ ಹಳೆಯದಾಗಿದ್ದರೆ, ಅದರಲ್ಲೂ ನಮ್ಮ ಸೆಕೆಯಲ್ಲಿ ಆರೆಂಟು ತಿಂಗಳು ಇಟ್ಟಿದ್ದರೆ, ಅದರ ಶಕ್ತಿ ಬಹಳಷ್ಟು ಇಳಿದಿರುತ್ತದೆ. ಕೆಲಸ ಮಾಡಲಿಲ್ಲವೆಂದು ಪ್ರಮಾಣ ಹೆಚ್ಚಿಸುವ ಬದಲು ಹೊಸ ಬಾಟಲಿ ತರಬೇಕು.

ಬ್ಲೀಚಿನಿಂದ ಮೊದಲು ಕೆಡುವುದು ಹೊಲಿಗೆಯ ದಾರ. ಹತ್ತಿ ಮತ್ತು ನೈಲಾನ್ ದಾರಗಳು ಕ್ಲೋರಿನ್ನಿಗೆ ಬೇಗ ಸೋಲುತ್ತವೆ. ಪಾಲಿಯೆಸ್ಟರ್ ಹೆಚ್ಚು ತಡೆಯುತ್ತದೆ, ಆದರೆ ಅದೂ ಪ್ರತಿ ತಿಂಗಳ ಬ್ಲೀಚನ್ನು ತಡೆಯದು. ಸೀಟು ನೋಡಲು ಬೆಳ್ಳಗಾಗಿರುತ್ತದೆ, ಯಾರೋ ದಪ್ಪಗಿನವರು ಕೂತಾಗ ಹೊಲಿಗೆ ಪರ್ರೆಂದು ಬಿಚ್ಚಿಕೊಳ್ಳುತ್ತದೆ. ಪದೇ ಪದೇ ಹಾಕಿದರೆ ಮೇಲಿನ ಲೇಪ ಸವೆದು ವಿನೈಲ್ ಒರಟಾಗುತ್ತದೆ, ಹಳದಿಗಟ್ಟುತ್ತದೆ, ಬಿರಿಯುತ್ತದೆ.

ಬ್ಲೀಚಿನ ಜೊತೆ ಬೇರೆ ಯಾವುದನ್ನೂ ಬೆರೆಸಬಾರದು. ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಅದೇ ಅನಿಲ ಇನ್ನೂ ಜೋರಾಗಿ ಏಳುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಸೇರಿದರೆ ಕ್ಲೋರಮೈನ್ ಹುಟ್ಟುತ್ತದೆ. ಎರಡು ಅನಿಲಗಳೂ ಶ್ವಾಸಕೋಶವನ್ನು ಸುಡುವಂಥವು. ಬೆಳಿಗ್ಗೆ ವಿನೆಗರ್ ಹಾಕಿದ ಸೀಟಿಗೆ ಮಧ್ಯಾಹ್ನ ಬ್ಲೀಚ್ ಹಾಕುವುದಾದರೆ ನಡುವೆ ಚೆನ್ನಾಗಿ ನೀರು ಹಾಕಿ ತೊಳೆದಿರಲೇಬೇಕು. ಅಂಗಳದ ಪಾಚಿಗೆ ಎರಚುವ ಬ್ಲೀಚಿಂಗ್ ಪುಡಿಯನ್ನೇ ಸೀಟಿಗೂ ಉಜ್ಜುವ ರೂಢಿ ಕರಾವಳಿ, ಮಲೆನಾಡಿನಲ್ಲಿದೆ. ಅದು ಕ್ಯಾಲ್ಸಿಯಂ ಹೈಪೊಕ್ಲೋರೈಟ್. ಕರಗದೆ ಉಳಿದ ಹರಳುಗಳು ಕೂತ ಜಾಗದಲ್ಲೇ ವಿನೈಲನ್ನು ತಿನ್ನುತ್ತವೆ, ಹೊಲಿಗೆಯ ತೂತುಗಳಲ್ಲಿ ಸುಣ್ಣದ ಬಿಳಿ ಕೂರುತ್ತದೆ. ಅದು ಅಂಗಳಕ್ಕೇ ಇರಲಿ.

ಮಾಡಬಾರದ ಕೆಲಸಗಳು ಇನ್ನೂ ಕೆಲವಿವೆ. ಥಿನ್ನರ್, ಅಸಿಟೋನ್, ಪೆಟ್ರೋಲು ಕಲೆಯನ್ನು ತೆಗೆದಂತೆ ಕಾಣುತ್ತವೆ, ಮೇಲಿನ ಲೇಪವನ್ನೂ ಕರಗಿಸಿ ಮೃದುಕಾರಕವನ್ನೂ ಎಳೆದುಬಿಡುತ್ತವೆ. ನಾಲ್ಕು ದಿನದಲ್ಲಿ ಸೀಟು ಹಪ್ಪಳವಾಗುತ್ತದೆ. ಈಚೆಗೆ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುವ ಬಿಳಿ ಮೆಲಮಿನ್ ಸ್ಪಂಜು ನಿಜಕ್ಕೂ ಬಹಳ ನಯವಾದ ಉಪ್ಪುಕಾಗದ. ಅದು ಕಲೆಯನ್ನು ತೆಗೆಯುವುದು ಲೇಪವನ್ನು ತರಿದು. ಒಂದೆರಡು ಚುಕ್ಕೆಗೆ ಹಗುರವಾಗಿ ಬಳಸಿದರೆ ತೊಂದರೆಯಿಲ್ಲ, ಇಡೀ ಸೀಟಿಗೆ ಬಳಸಿದರೆ ಮುಂದಿನ ಮಳೆಗಾಲದ ಬೂಷ್ಟಿಗೆ ನೆಲ ಹದಮಾಡಿಕೊಟ್ಟಂತೆ. ಪ್ರೆಶರ್ ವಾಷರಿನ ನೀರು ಹೊಲಿಗೆಯ ಮೂಲಕ ಸ್ಪಂಜಿಗೆ ನುಗ್ಗುತ್ತದೆ. ಹೊಳಪಿಗೆಂದು ತೆಂಗಿನೆಣ್ಣೆ ಒರೆಸುವುದಂತೂ ಬೂಷ್ಟಿಗೆ ಊಟ ಬಡಿಸಿದ ಹಾಗೆಯೇ. ಹೊಳಪು ಬೇಕಿದ್ದರೆ ನೀರಿನ ಮೂಲದ, ಬಿಸಿಲಿನಿಂದ ರಕ್ಷಿಸುವ ವಿನೈಲ್ ದ್ರಾವಣಗಳಿವೆ. ಸೀಟು ಪೂರ್ತಿ ಒಣಗಿದ ಮೇಲೆ ತೆಳುವಾಗಿ ಒರೆಸಬೇಕು.

ಒಳಗೆ ಕೊಳೆತಿದ್ದರೆ

ಎಲ್ಲ ಮಾಡಿದ ಮೇಲೂ ಎರಡು ಮೂರು ವಾರದಲ್ಲಿ ಹೊಲಿಗೆಯ ಗುಂಟ ಕಪ್ಪು ಮತ್ತೆ ಕಾಣಿಸಿಕೊಂಡರೆ ಸ್ಟೇಪಲ್ ಪಿನ್ನು ಕಿತ್ತು ಒಳಗೆ ನೋಡದೆ ಬೇರೆ ದಾರಿಯಿಲ್ಲ. ಸಾಮಾನ್ಯವಾಗಿ ಕಾಣುವ ದೃಶ್ಯ ಒಂದೇ. ಸ್ಪಂಜು ಕಂದಾಗಿ ಭಾರವಾಗಿರುತ್ತದೆ, ಹಿಂಡಿದರೆ ಚಹಾ ಬಣ್ಣದ ನೀರು ಬರುತ್ತದೆ. ವಿನೈಲಿನ ಬೆನ್ನಿನ ಬಟ್ಟೆಯ ಮೇಲೆ ಕಪ್ಪು ನಕ್ಷೆ ಬಿಡಿಸಿದಂತಿರುತ್ತದೆ. ಪ್ಲೈವುಡ್ಡಿನ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಸ್ಪಂಜನ್ನು ತೊಳೆದು ಒಣಗಿಸಿ ಮತ್ತೆ ಹಾಕುವುದು ಉಳಿತಾಯದಂತೆ ಕಂಡರೂ ಅದು ಉಳಿತಾಯವಲ್ಲ. ಅಷ್ಟು ದಪ್ಪದ ಸ್ಪಂಜಿನ ಒಳಗಿನ ಬೂಷ್ಟನ್ನು ಪೂರ್ತಿ ತೆಗೆಯಲು ಆಗದು. ಸ್ಪಂಜು, ಪ್ಲೈವುಡ್ ಎರಡನ್ನೂ ಬದಲಾಯಿಸಬೇಕು. ವಿನೈಲ್ ಗಟ್ಟಿಯಿದ್ದರೆ ಅದರ ಬೆನ್ನನ್ನು ತೆಳು ಬ್ಲೀಚಿನಿಂದ ತೊಳೆದು ಬಿಸಿಲಿಗೆ ಹಾಕಿ ಉಳಿಸಿಕೊಳ್ಳಬಹುದು.

ಕುಶನ್ ಅಂಗಡಿಗೆ ಕೊಡುವಾಗ ಹೇಳಬೇಕಾದ ಮಾತುಗಳು ಕೆಲವೇ. ಸೋಫಾ ಸ್ಪಂಜು ಬೇಡ. ನೀರು ಹೀರದ ಮುಚ್ಚುಕೋಶದ ಫೋಮ್ ಅಥವಾ ನೀರು ನಿಲ್ಲದೆ ಸೋರಿಹೋಗುವ ಬಲೆಯಂಥ ಫೋಮ್ ಬೇಕು. ದಾರ ಪಾಲಿಯೆಸ್ಟರ್ ಆಗಿರಲಿ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಲಿ. ಪ್ಲೈವುಡ್ ಮರೈನ್ ದರ್ಜೆಯದೇ ಬೇಕು, ಅದರಲ್ಲಿ ನಾಲ್ಕಾರು ತೂತು ಕೊರೆದು ಅಂಚುಗಳಿಗೆಲ್ಲ ವಾರ್ನಿಷ್ ಅಥವಾ ಎಪಾಕ್ಸಿ ಬಳಿದಿರಬೇಕು. ತೂತು ಕೊರೆಯಲು ಹೇಳಿದರೆ ಅಂಗಡಿಯವರು ವಿಚಿತ್ರವಾಗಿ ನೋಡುವುದುಂಟು, ಬಿಡಬಾರದು. ಒಳಗಿಳಿದ ನೀರಿಗೆ ಹೊರಹೋಗಲು ಅದೊಂದೇ ದಾರಿ. ವಿನೈಲ್ ಕೊಳ್ಳುವಾಗ ಬೋಟಿಗೆಂದೇ ತಯಾರಿಸಿದ್ದೇ ಎಂದು ಕೇಳಬೇಕು. ಅಂಥದರಲ್ಲಿ ಶಿಲೀಂಧ್ರನಾಶಕವನ್ನು ಬೆರೆಸಿರುತ್ತಾರೆ. ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಜಿ21 ಎಂದಿದ್ದರೆ ಶಿಲೀಂಧ್ರಕ್ಕೆ, ಇ1428 ಎಂದಿದ್ದರೆ ಗುಲಾಬಿ ಕಲೆಗೆ ಪರೀಕ್ಷೆ ಆಗಿದೆ ಎಂದು ತಿಳಿಯಬಹುದು. ಸ್ಕೂಟರ್ ಸೀಟಿಗೆ ಹಾಕುವ ಅಗ್ಗದ ರೆಕ್ಸಿನ್‌ನಲ್ಲಿ ಇದ್ಯಾವುದನ್ನೂ ನಿರೀಕ್ಷಿಸುವಂತಿಲ್ಲ.

ಮಳೆಗೆ ಮುನ್ನ

ಬೋಟನ್ನು ದಡಕ್ಕೆ ಏರಿಸುವ ವಾರ ಮಾಡುವ ಕೆಲಸ ಅಕ್ಟೋಬರಿನಲ್ಲಿ ಮಾಡುವ ಎಲ್ಲ ಉಜ್ಜಾಟಕ್ಕಿಂತ ಮೇಲು. ಮೇ ತಿಂಗಳ ಬಿಸಿಲು ಇರುವಾಗಲೇ ಸೀಟುಗಳನ್ನು ಸೋಪು ನೀರಿನಲ್ಲಿ ತೊಳೆದು, ಉಪ್ಪು ಉಳಿಯದಂತೆ ಸಿಹಿನೀರು ಹಾಕಿ, ಎರಡು ದಿನ ಒಣಗಿಸಬೇಕು. ಬಿಚ್ಚಲು ಬರುವ ಕುಶನ್‌ಗಳನ್ನು ಮನೆಗೆ ತಂದು, ಅಟ್ಟದಲ್ಲಿ ಒಂದರ ಮೇಲೊಂದು ಪೇರಿಸದೆ, ನಡುವೆ ಗಾಳಿ ಆಡುವಂತೆ ಅಂಚಿನ ಮೇಲೆ ನಿಲ್ಲಿಸಬೇಕು. ಬಿಚ್ಚಲು ಬಾರದವನ್ನು ಎತ್ತಿ ಒರಗಿಸಿಡಬೇಕು. ಟಾರ್ಪಾಲನ್ನು ಸೀಟಿಗೆ ತಾಗುವಂತೆ ಹೊದಿಸಿದರೆ ರಾತ್ರಿಯ ಹಬೆ ಅದರ ಒಳಮೈಯಲ್ಲಿ ಹನಿಗಟ್ಟಿ ಸೀಟಿನ ಮೇಲೆ ತೊಟ್ಟಿಕ್ಕುತ್ತದೆ. ನಡುವೆ ಬಿದಿರಿನ ಗಳು ಕಟ್ಟಿ ಮಾಡಿನಂತೆ ಇಳಿಜಾರು ಕೊಟ್ಟು, ಎರಡೂ ತುದಿ ತೆರೆದಿಡಬೇಕು. ನಾಡದೋಣಿಗಳಿಗೆ ತೆಂಗಿನ ಮಡಲು ಹೊದಿಸುವವರ ಪದ್ಧತಿಯಲ್ಲಿ ಈ ಗಾಳಿಯಾಟ ತಾನಾಗಿಯೇ ಸಿಗುತ್ತದೆ. ತೇವ ಹೀರುವ ಸಿಲಿಕಾ ಚೀಲ, ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಮುಚ್ಚಿದ ಕಪಾಟಿಗೆ ಸರಿ. ತೆರೆದ ಬೋಟಿನಲ್ಲಿ ಅವು ಇಡೀ ಅರಬ್ಬಿ ಸಮುದ್ರದ ತೇವವನ್ನು ಹೀರಲು ಹೊರಟಂತಾಗುತ್ತದೆ.

ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟ ಲೈಫ್ ಜಾಕೆಟ್‌ಗಳಿಗೂ ಅದೇ ಬೂಷ್ಟು ಹಿಡಿದಿರುತ್ತದೆ. ಅವುಗಳಿಗೆ ಬ್ಲೀಚನ್ನಾಗಲಿ ಬೇರೆ ಖಾರದ ದ್ರಾವಣವನ್ನಾಗಲಿ ಯಾವ ಕಾರಣಕ್ಕೂ ಹಾಕಬಾರದು, ಪಟ್ಟಿ ಮತ್ತು ಹೊಲಿಗೆಯ ಬಲ ಕುಂದುತ್ತದೆ. ಮೆದು ಸೋಪು ನೀರಿನಲ್ಲಿ ತೊಳೆದು ನೆರಳಲ್ಲಿ ತೂಗುಹಾಕಿ ಒಣಗಿಸಬೇಕು. ಕಲೆ ಉಳಿದರೆ ಉಳಿಯಲಿ. ಬಟ್ಟೆ ಪಿಸಿದಿದ್ದರೆ, ಪಟ್ಟಿ ಎಳೆದಾಗ ಹೊಲಿಗೆ ಬಿಟ್ಟರೆ, ಆ ಜಾಕೆಟನ್ನು ಬೋಟಿಗೆ ಹಿಂದಿರುಗಿಸದೆ ಹೊಸದನ್ನು ತರಬೇಕು.